ಅಜ್ಜನ ಮುಲ್ಕಿ, ನನ್ನ ನೇಷನ್

ನನಗೊಂದು ಚಟವಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಲೆ, ಅಡಿಕೆ, ತಂಬಾಕು, ಇಸ್ಪೀಟು ಯಾವುದೂ ಅಲ್ಲ. ಅಂಥದ್ದೇನಾದರೂ ಆಗಿದ್ದರೆ ನನ್ನ ಹೆಂಡತಿ ಸರೋಜಾ ಮದುವೆಯಾದ ವರ್ಷವೇ ಬಿಡಿಸಿರುತ್ತಿದ್ದಳು. ನನ್ನದು ಪದಗಳ ಬೇರು ಅಗೆಯುವ ಚಟ. ಯಾರಾದರೂ ನನ್ನೆದುರು ಒಂದು ಇಂಗ್ಲಿಷ್ ಪದ ಆಡಿದರೆ ಸಾಕು, ಅದು ಯಾವ ಭಾಷೆಯಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಯಾರ ಜೊತೆ ಓಡಿಹೋಗಿ ಇಂಗ್ಲಿಷಿಗೆ ಬಂತು ಎಂದು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನವಲಿ, ಸಿದ್ದಾಪುರ, ಕುಷ್ಟಗಿ, ಕಡೆಗೆ ಗಂಗಾವತಿ ಎಂದು ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ನನ್ನ ಈ ಚಟದ ಲಾಭವನ್ನು ನನಗಿಂತ ಹೆಚ್ಚು ಪಡೆದವರು ನನ್ನ ವಿದ್ಯಾರ್ಥಿಗಳು. ವ್ಯಾಕರಣದ ಪರೀಕ್ಷೆ ಕೊಡುತ್ತೇನೆಂದು ಹೇಳಿದ ದಿನ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, "ಸರ್, ಪೆನ್ಸಿಲ್ ಅನ್ನೂ ಶಬ್ದ ಎಲ್ಲಿಂದ ಬಂತ್ರಿ?" ಎಂದು ಬಹಳ ಜ್ಞಾನದಾಹದ ಮುಖ ಮಾಡಿ ಕೇಳುತ್ತಿದ್ದ. ಪೆನ್ಸಿಲ್ ಎಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಬಾಲ ಎಂದು ಶುರುಮಾಡಿದ ನಾನು ಆ ಬಾಲ ಹಿಡಿದುಕೊಂಡು ರೋಮಿಗೆ ಹೋಗಿ ವಾಪಸು ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಪರೀಕ್ಷೆ ಮರುದಿನಕ್ಕೆ ಹೋಗುತ್ತಿತ್ತು. ಮರುದಿನ ಇನ್ನೊಬ್ಬ ರಬ್ಬರಿನ ಬಗ್ಗೆ ಕೇಳುತ್ತಿದ್ದ.

ಈಗ ನಿವೃತ್ತನಾಗಿ ಗಂಗಾವತಿಯಲ್ಲೇ ಇದ್ದೇನೆ. ಕೇಳುವವರು ಕಡಿಮೆಯಾಗಿದ್ದಾರೆ. ಹೀಗಾಗಿ ಮನೆಗೆ ಯಾರೇ ಬಂದರೂ, ಗ್ಯಾಸಿನವನಾಗಲಿ ಮೀಟರು ಓದುವವನಾಗಲಿ, ನನ್ನ ಕಣ್ಣು ಮಿನುಗುತ್ತದೆಯಂತೆ. ಇದು ಸರೋಜಾಳ ದೂರು. ಆ ದಿನ ಬಂದವಳು ಶಿಲ್ಪಾ. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಮನೆ ಸಮೀಕ್ಷೆಗೆಂದು ಮೊಬೈಲು ಹಿಡಿದು ಬಂದಿದ್ದಳು. ಬಿಸಿಲಲ್ಲಿ ತಿರುಗಿ ಸಣ್ಣ ಮುಖ ಮಾಡಿಕೊಂಡಿದ್ದಳು. ಎಷ್ಟು ಮಂದಿ, ಎಷ್ಟು ಕೋಣೆ, ನೀರು ಎಲ್ಲಿಂದ, ಜಾತಿ ಯಾವುದು ಎಂದು ಒಂದೊಂದೇ ಕೇಳಿ ಒತ್ತುತ್ತ ಬಂದು, "ಸರ್, ನಿಮ್ಮ ಮೊಬೈಲಿಗೆ ಓಟಿಪಿ ಬಂದೈತಿ ನೋಡ್ರಿ. ಒಂದ ಒಂದು ಕಾಲಮ್ ಉಳದೈತ್ರಿ. ನ್ಯಾಷನಾಲಿಟಿ, ಇಂಡಿಯನ್ ಅಂತ ಒತ್ತಲೇನ್ರಿ?" ಎಂದಳು.

ಯಾವುದೇ ನೆಟ್ಟಗಿನ ಮನುಷ್ಯ ಇಲ್ಲಿ "ಹೂಂ, ಒತ್ತವ್ವ" ಎನ್ನುತ್ತಾನೆ. ನಾನು ಕನ್ನಡಕ ಸರಿಮಾಡಿಕೊಂಡು, "ನ್ಯಾಷನಾಲಿಟಿ ಅಂದ್ರ ಏನು ಗೊತ್ತೈತೇನು?" ಎಂದೆ. ಶಿಲ್ಪಾ ಗಡಿಯಾರ ನೋಡಿಕೊಂಡಳು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಧ್ವನಿಯ ಗುರುತು ಇರುತ್ತದೆ. ನಾನು ಶುರುಮಾಡಿದೆ. ನೇಷನ್ ಎಂಬುದರ ತಾಯಿ ಲ್ಯಾಟಿನ್ನಿನ 'ನಾಸ್ಕಿ', ಅಂದರೆ ಹುಟ್ಟುವುದು. ಅದಕ್ಕೂ ಹಿಂದೆ ಆ ಪದದ ತಲೆಯ ಮೇಲೆ ಒಂದು 'ಗ'ಕಾರವಿತ್ತು, ರೋಮಿನವರು ಅದನ್ನು ಉದುರಿಸಿದರು. ಆ 'ಗ'ಕಾರದ ಕಡೆಯಿಂದ ನೋಡಿದರೆ ನಮ್ಮ ಸಂಸ್ಕೃತದ ಜನ್ಮ, ಜನ, ಜಾತಿ ಎಲ್ಲವೂ ಅದರ ದಾಯಾದಿಗಳು. "ಅಂದ್ರ ನೋಡು ಶಿಲ್ಪಾ, ಮ್ಯಾಲಿನ ಕಾಲಮಿನ್ಯಾಗ ಜಾತಿ ಕೇಳಿದಿ, ಕೆಳಗ ನೇಷನ್ ಕೇಳಾಕ್ಹತ್ತಿದಿ. ಎರಡಕ್ಕೂ ಬೇರು ಒಂದ. ಒಂದ ಪ್ರಶ್ನೆ ಎರಡು ಸಲ ಕೇಳಿದಂಗ ಆತು!" ಎಂದು ನಾನೇ ನಕ್ಕೆ. ಆ ಹುಡುಗಿಯೂ ನಕ್ಕಳು, ಆದರೆ ಮೊಬೈಲಿನ ಕಡೆ ನೋಡುತ್ತ ನಕ್ಕಳು. ಮತ್ತೆ ನಾನು, ರೋಮಿನವರು ತಮ್ಮನ್ನು ತಾವು ನೇಷನ್ ಎಂದುಕೊಳ್ಳುತ್ತಿರಲಿಲ್ಲ, ದೂರದೂರದಿಂದ ಬಂದ ಪರಕೀಯ ಗುಂಪುಗಳಿಗೆ ಹಾಗೆ ಕರೆಯುತ್ತಿದ್ದರು ಎಂದೆ. ಆಮೇಲೆ ಯುರೋಪಿನ ಹಳೆಯ ವಿದ್ಯಾಪೀಠಗಳಲ್ಲಿ ಒಂದೊಂದು ಸೀಮೆಯಿಂದ ಓದಲು ಬಂದ ಹುಡುಗರ ಗುಂಪಿಗೆ ನೇಷನ್ ಎನ್ನುತ್ತಿದ್ದರು ಎಂದೆ. ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಹೀಗೇ ಕೊಪ್ಪಳದ ಕಡೆಯವರದೊಂದು ಗುಂಪಿತ್ತು, ರೊಟ್ಟಿ ತೆಳ್ಳಗಾಯಿತೆಂದು ಮೆಸ್ಸಿನಲ್ಲಿ ಬೆಳಗಾವಿಯವರ ಮೇಲೆ ಯುದ್ಧ ಸಾರಿದ್ದೆವು, ಅದೂ ಒಂದು ನೇಷನ್ನೇ ಎಂದು ಹೇಳುತ್ತಿದ್ದಾಗ ಒಳಗಿನಿಂದ ಸರೋಜಾ, "ಏನ್ರೀ, ನಿಮ್ಮ ನಾಸ್ಕಿ ಸಾಕು, ನಾಷ್ಟಾ ಆರಾಕ್ಹತ್ತೈತಿ. ಆ ಹುಡುಗಿಗೂ ಒಂದಿಷ್ಟು ಕೊಡ್ರಿ" ಎಂದು ಕೂಗಿದಳು. ಒಗ್ಗರಣೆ ಮಂಡಾಳು, ಜೊತೆಗೆ ಮಿರ್ಚಿ. ಅಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿತ್ತು. ಇನ್ನೊಂದು ಓಟಿಪಿ ಬರಲು ಸರ್ವರು ಸಿದ್ಧವಿರಲಿಲ್ಲ. ನಮ್ಮ ಮನೆಯ ಅಷ್ಟೂ ಮಾಹಿತಿ ಹಾರಿಹೋಯಿತು. ಶಿಲ್ಪಾ ಮಿರ್ಚಿ ತಿಂದು, "ಮತ್ತೊಮ್ಮೆ ಬರತೀನ್ರಿ ಸರ್" ಎಂದು ಹೋದಳು.

ಸರೋಜಾಳ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ನಾನು ಯಲಬುರ್ಗಾ ತಾಲ್ಲೂಕಿನ ಗಡಿಯ ಒಂದು ಹಳ್ಳಿಯವನು. ಅವಳು ಗಜೇಂದ್ರಗಡದ ಕಡೆಯವಳು. ನಡುವೆ ಇರುವುದು ಒಂದು ಗುಡ್ಡದ ಸಾಲು, ಒಂದು ಹಳ್ಳ, ನಾಲ್ಕು ಹರದಾರಿ ದಾರಿ. ಆದರೆ ನಮ್ಮ ಅಜ್ಜಂದಿರ ಕಾಲಕ್ಕೆ ನಮ್ಮದು ನಿಜಾಮನ ರಾಜ್ಯ, ಅವರದು ಬ್ರಿಟಿಷರ ಮುಂಬೈ ಪ್ರಾಂತ್ಯ. ನಡುವೆ ಗಡಿ, ಗಡಿಯಲ್ಲಿ ಸುಂಕ ಕಟ್ಟಿಸಿಕೊಳ್ಳುವ ನಾಕೆ. ಹೈದರಾಬಾದ ಸೀಮೆಯಲ್ಲಿ ಇಲ್ಲಿಯವನಿಗೆ ಮುಲ್ಕಿ ಎನ್ನುತ್ತಿದ್ದರು, ಹೊರಗಿನವನಿಗೆ ಗೈರ್ ಮುಲ್ಕಿ. ನಿಜಾಮ ಹೋಗಿ, ಗಡಿ ಹೋಗಿ, ಎರಡೂ ಕಡೆ ಒಂದೇ ರಾಜ್ಯವಾಗಿ ಎಷ್ಟೋ ಕಾಲವಾಯಿತು. ಆದರೆ ನನ್ನ ಮನೆಯಲ್ಲಿ ಆ ಗಡಿಯನ್ನು ನಾನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೆ. ಸಾರಿಗೆ ಉಪ್ಪು ಹೆಚ್ಚಾದರೆ, "ಗೈರ್ ಮುಲ್ಕಿ ಸಾರು" ಎನ್ನುತ್ತಿದ್ದೆ. ಅವಳ ಅಣ್ಣ ಬಂದು ಎರಡು ದಿನ ಹೆಚ್ಚಿಗೆ ಉಳಿದರೆ, "ಪರ್ವಾನಗಿ ಮುಗೀತೇನ್ ನೋಡು" ಎನ್ನುತ್ತಿದ್ದೆ. ಅವಳು, "ನಿಮ್ಮದು ನಿಜಾಮನ ಬುದ್ಧಿ, ಕುಂತಲ್ಲೆ ಹುಕುಂ" ಎಂದು ತಿರುಗಿ ಕೊಡುತ್ತಿದ್ದಳು. ಹೀಗೆ ನಮ್ಮ ಸಂಸಾರ ಮೂವತ್ತೊಂದು ವರ್ಷ ಸುಖವಾಗಿ ನಡೆದಿತ್ತು.

ಈ ಜಗಳದಲ್ಲಿ ನನ್ನ ದೊಡ್ಡ ತೋಪು ಎಂದರೆ ಪಡಸಾಲೆಯ ಗೋಡೆಯ ಮೇಲಿನ ಒಂದು ಚೌಕಟ್ಟು. ಅದರೊಳಗೆ ನಮ್ಮಜ್ಜ ರುದ್ರಪ್ಪನ ಉರ್ದು ಸರ್ಟಿಫಿಕೇಟು. ಕಾಗದ ಹಳದಿಯಾಗಿ, ಅಂಚು ಗೆದ್ದಲು ತಿಂದು, ಮೇಲೆ ಸರ್ಕಾರದ ದೊಡ್ಡ ಮೊಹರು. ನಮ್ಮ ಮನೆಯಲ್ಲಿ ಯಾರಿಗೂ ಉರ್ದು ಓದಲು ಬರುವುದಿಲ್ಲ. ಆದರೆ ಅದು ಏನೆಂದು ಎಲ್ಲರಿಗೂ ಗೊತ್ತಿತ್ತು. ಅದು ಅಜ್ಜ ಮುಲ್ಕಿ ಪಾಸಾದ ಸರ್ಟಿಫಿಕೇಟು. ಹಿಂದೆ ಏಳನೆಯ ಇಯತ್ತೆ ಮುಗಿಸಿದವರಿಗೆ ಮುಲ್ಕಿ ಪರೀಕ್ಷೆ ಇರುತ್ತಿತ್ತು. ಅದನ್ನು ಪಾಸಾದವನೆಂದರೆ ಊರಿಗೆ ಗೌಡನಿಗಿಂತ ಒಂದು ತೂಕ ಹೆಚ್ಚು. ನಮ್ಮಪ್ಪ ಹೇಳುತ್ತಿದ್ದ, ದೊಡ್ಡಪ್ಪ ಹೇಳುತ್ತಿದ್ದ, ನಾನೂ ಬಂದವರಿಗೆಲ್ಲ ಕಾಗದದ ಕೆಳಗಿನ ಒಂದು ಸುರುಳಿಯ ಮೇಲೆ ಬೆರಳಿಟ್ಟು, "ಇದ ನೋಡ್ರಿ, ಪಾಸ್ ಅಂತ ಬರದಾರ" ಎಂದು ತೋರಿಸುತ್ತಿದ್ದೆ. ಸರೋಜಾಳ ಅಜ್ಜನೂ ಮುಲ್ಕಿ ಪಾಸಾದವರೇ. ಅವಳಿಗೆ ಮಾತ್ರ ಮೊದಲಿನಿಂದ ಒಂದು ಸಂಶಯ. "ಮುಲ್ಕಿ ಪರೀಕ್ಷಾ ಇದ್ದದ್ದು ನಮ್ಮ ಕಡಿ. ನಿಮ್ಮ ನಿಜಾಮನ ಸಾಲ್ಯಾಗ ಅದೆಲ್ಲಿಂದ ಬಂತು? ಯಾರ ಕಡಿಂದರೆ ಒಮ್ಮೆ ಓದಸ್ರಿ" ಎನ್ನುತ್ತಿದ್ದಳು. ಅಜ್ಜನ ಮಾತನ್ನು ಪರೀಕ್ಷೆ ಮಾಡುವುದು ಸಂಸ್ಕಾರವಲ್ಲ ಎಂದು ನಾನು ಓದಿಸಲಿಲ್ಲ. ಪೆನ್ಸಿಲಿನ ಬಾಲ ಹಿಡಿದು ರೋಮಿಗೆ ಹೋಗುವವನು ಪಡಸಾಲೆಯ ಗೋಡೆಯ ತನಕ ಹೋಗಲಿಲ್ಲ.

ಹೋಗಬೇಕಾದ ದಿನ ಬಂತು. ಊರಿನಿಂದ ದೊಡ್ಡಪ್ಪನ ಮಗ ಶರಣಪ್ಪಣ್ಣ ಫೋನು ಮಾಡಿದ. ಊರ ಶಾಲೆಗೆ ಹೊಸದಾಗಿ ಪುಸ್ತಕದ ಕೋಣೆ ಕಟ್ಟಿದ್ದರು. ಅಜ್ಜ ಗಡಿಯ ನಾಕೆಯಲ್ಲಿ ನೌಕರಿ ಮಾಡುತ್ತ ಸಂಜೆ ಹೊತ್ತು ಊರ ಹುಡುಗರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕನ್ನಡ ಅಕ್ಷರ ತಿದ್ದಿಸುತ್ತಿದ್ದನಂತೆ. ಆ ನೆನಪಿಗೆ ಕೋಣೆಗೆ ಅವನ ಹೆಸರಿಡುವುದೆಂದು ಊರವರು ಮಾತಾಡಿಕೊಂಡಿದ್ದರು. ಕಲ್ಲಿನ ಮೇಲೆ ಬರೆಸಬೇಕಾದ ಒಕ್ಕಣೆಯನ್ನು ನಾನೇ ಬರೆದು ಕಳಿಸಿದ್ದೆ. "ಅರ್ಧಾ ಕೆತ್ತ್ಯಾನಪ್ಪಾ. 'ಈ ಊರಿನ ಮೊಟ್ಟಮೊದಲ ಮುಲ್ಕಿ' ಅನ್ನೂ ತನಕ ಬಂದೈತಿ. ಮುಂದ 'ಪಾಸಾದವರು' ಅಂತ ಕೆತ್ತಿ ಇಸವಿ ಹಾಕಬೇಕು. ಸರ್ಟಿಫಿಕೇಟಿನ್ಯಾಗ ಇರತೈತಲ್ಲ, ಯಾವ ಇಸವಿ ನೋಡಿ ಹೇಳು. ಐತವಾರ ಕಾರ್ಯಕ್ರಮ, ಭಾಷಣನೂ ನಿಂದ" ಎಂದ.

ಚೌಕಟ್ಟನ್ನು ಗೋಡೆಯಿಂದ ಇಳಿಸಿ ಸರೋಜಾಳ ಹಳೆಯ ಸೀರೆಯಲ್ಲಿ ಸುತ್ತಿ ಖಾಜಾಸಾಹೇಬರ ಮನೆಗೆ ಹೋದೆ. ಖಾಜಾಸಾಹೇಬರು ನನ್ನ ಜೊತೆ ಗಂಗಾವತಿಯಲ್ಲಿ ಉರ್ದು ಮಾಸ್ತರರಾಗಿದ್ದವರು. ಬಹಳ ನಿಧಾನದ ಮನುಷ್ಯ. ಕನ್ನಡಕ ಒರೆಸಿದರು, ಗಾಜು ಒರೆಸಿದರು, ಮತ್ತೆ ಕನ್ನಡಕ ಒರೆಸಿದರು. ನಾನು ಇಸವಿ ಅಷ್ಟೇ ಸಾಕು ಎಂದೆ. ಅವರು ಕೇಳಲಿಲ್ಲ. ಮೇಲಿನಿಂದ ಕೆಳಗಿನ ತನಕ ತುಟಿ ಅಲುಗಿಸುತ್ತ ಓದಿ, "ಆಚಿಮನಿ ಸರ್, ಇದು ಪರೀಕ್ಷಾದ್ದು ಅಂತ ಯಾರು ಹೇಳಿದ್ರು ನಿಮಗ?" ಎಂದರು.

"ಪಾಸ್ ಅಂತ ಐತಲ್ರಿ ಕೆಳಗ" ಎಂದು ಸುರುಳಿ ತೋರಿಸಿದೆ.

"ಅದು ಸಾಹೇಬರ ದಸ್ಕತ್ತು ರೀ."

ಮೂವತ್ತು ವರ್ಷ ಬೀಗರಿಗೆ, ಸ್ನೇಹಿತರಿಗೆ, ಒಮ್ಮೆ ಶಾಲಾ ತಪಾಸಣೆಗೆ ಬಂದ ಅಧಿಕಾರಿಗೂ ನಾನು ತೋರಿಸಿದ 'ಪಾಸು' ಯಾವುದೋ ಸಾಹೇಬರ ರುಜುವಾಗಿತ್ತು. ಖಾಜಾಸಾಹೇಬರು ಪೂರ್ತಿ ಓದಿ ಹೇಳಿದರು. ಇದು ಅಜ್ಜ ಮುಲ್ಕಿ ಎಂಬುದರ ದಾಖಲೆ, ಅಂದರೆ ಈತ ಈ ನಾಡಿನವನು, ಇವನಿಗೆ ಸರ್ಕಾರಿ ನೌಕರಿ ಕೊಡಬಹುದು ಎಂಬ ಕಾಗದ. ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ. ನನ್ನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು, ಚಹಾ ತರಿಸಿದರು. ಹೋಗಲಿ, ಹುಟ್ಟಿದ್ದಕ್ಕೆ ಸಿಕ್ಕ ಸರ್ಟಿಫಿಕೇಟು, ನೇಷನ್ ಎಂದರೂ ಹುಟ್ಟೇ ಅಲ್ಲವೇ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಬಟ್ಟಲು ಕೆಳಗಿಟ್ಟು, "ಹುಟ್ಟಿದ್ದಕ್ಕ ಕೊಟ್ಟಿದ್ದಲ್ರಿ ಇದು. ನಿಮ್ಮಜ್ಜ ಇಲ್ಲೆ ಹುಟ್ಟಿಲ್ಲ. ಗಡಿ ಆಚಿಂದ ಬಂದು ಹದಿನೈದು ವರ್ಷ ಇಲ್ಲೆ ಇದ್ದಾರ. ಹುಟ್ಟಿದ ಊರಿಗೆ ತಿರುಗಿ ಹೋಗೂ ವಿಚಾರ ಬಿಟ್ಟೀನಿ ಅಂತ ಹಲಫ, ಅಂದ್ರ ಆಣಿ ಮಾಡಿ ಬರಕೊಟ್ಟಾರ. ಅದಕ್ಕ ಕೊಟ್ಟಾರ ಮುಲ್ಕಿ ಅಂತ" ಎಂದರು. ಹುಟ್ಟಿದ ಊರು ಯಾವುದು ಎಂದು ಕೇಳಿದೆ. ಅವರು ಇನ್ನೊಮ್ಮೆ ಕನ್ನಡಕ ಒರೆಸಿ ಓದಿದರು. ಅದು ಸರೋಜಾಳ ತವರಿನ ಪಕ್ಕದ ಹಳ್ಳಿ. ಎರಡೂ ಊರಿನವರು ಒಂದೇ ಸಂತೆಗೆ ಹೋಗುತ್ತಾರೆ.

ನಿಜ ಹೇಳುತ್ತೇನೆ, ನನಗೆ ಅಜ್ಜನ ಚಿಂತೆ ಮೊದಲು ಬರಲಿಲ್ಲ. ಸರೋಜಾಳ ಮುಖ ಕಣ್ಣಿಗೆ ಕಟ್ಟಿತು. ಗೈರ್ ಮುಲ್ಕಿ ಸಾರು, ಪರ್ವಾನಗಿ ಮುಗಿದ ಅಣ್ಣ, ಮೂವತ್ತೊಂದು ವರ್ಷದ ನನ್ನ ಎಲ್ಲ ಚೇಷ್ಟೆಗಳು ಸಾಲಾಗಿ ಬಂದು ನಿಂತವು. "ಖಾಜಾಸಾಹೇಬ್ರ, ಇದು ನಮ್ಮಿಬ್ಬರೊಳಗ ಇರಲಿ" ಎಂದೆ. ಅವರು ಎದೆಯ ಮೇಲೆ ಕೈಯಿಟ್ಟು, "ನನ್ನ ಮನ್ಯಾಗಿನಾಕಿ ಬಿಟ್ಟರ ಯಾರಿಗೂ ಹೇಳಂಗಿಲ್ರಿ" ಎಂದು ಮಾತು ಕೊಟ್ಟರು. ಅವರ ಹೆಂಡತಿ ಮತ್ತು ಸರೋಜಾ ದಿನಾ ಸಂಜೆ ಕೂಡಿ ವಾಕಿಂಗ್ ಹೋಗುತ್ತಾರೆ.

ಮನೆಗೆ ಬರುವ ದಾರಿಯಲ್ಲೇ ಶರಣಪ್ಪಣ್ಣನಿಗೆ ಫೋನು ಮಾಡಿದೆ. ಕಲ್ಲಿನ ಮೇಲೆ ಸುಳ್ಳು ಕೆತ್ತಿಸುವುದು ನನ್ನಿಂದ ಆಗದು. ಅಜ್ಜ ಪರೀಕ್ಷೆ ಪಾಸಾಗಿಲ್ಲ, ಈ ಊರಿನವನೂ ಅಲ್ಲ ಎಂದು ಹೇಳಲೂ ನಾಲಿಗೆ ಏಳದು. ಹೇಳಿದರೆ ಕೋಣೆಗೆ ಅವನ ಹೆಸರೇ ಬೇಡವೆಂದರೆ ಏನು ಮಾಡುವುದು? "ಅಣ್ಣಾ, ಮುಲ್ಕಿ ಅನ್ನೂ ತನಕ ಕೆತ್ತ್ಯಾನ ಅಂದೆಲ್ಲ, ಅಷ್ಟಕ್ಕ ನಿಲ್ಲಸು" ಎಂದೆ.

"ಪಾಸಾದವರು ಬ್ಯಾಡೇನು?"

"ಪಾಸು ಅನ್ನೂದು ಇಂಗ್ಲಿಷ್ ಶಬ್ದ ಅಣ್ಣಾ. ಕನ್ನಡ ಕಲಿಸಿದವರ ಕಲ್ಲಿನ ಮ್ಯಾಲ ಇಂಗ್ಲಿಷ್ ಯಾಕ ಬೇಕು?"

ಜೀವನವಿಡೀ ಇಂಗ್ಲಿಷ್ ಕಲಿಸಿ ಪಿಂಚಣಿ ತಿನ್ನುವವನ ಬಾಯಲ್ಲಿ ಈ ಮಾತು ಕೇಳಿ ಶರಣಪ್ಪಣ್ಣ, "ನೀ ಹೇಳತೀಯೇನಪಾ ಇದನ್ನ?" ಎಂದ. ಆಮೇಲೆ, "ಖರೆ ಐತಿ ಬಿಡು. ನೀ ಓದಿದಾಂವ, ಹೇಳಿದ ಮ್ಯಾಲ ಮುಗೀತು" ಎಂದ. ಕಲ್ಲಿನ ಮೇಲೆ ಸುಳ್ಳೂ ಇಲ್ಲ, ಅಜ್ಜನ ಮರ್ಯಾದೆಗೂ ಭಂಗವಿಲ್ಲ ಎಂದು ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ. ಮನೆಗೆ ಬಂದು ಚೌಕಟ್ಟನ್ನು ಗೋಡೆಗೆ ತೂಗುಹಾಕಿ, "ಇಸವಿ ಸಿಗಲಿಲ್ಲ, ಅಕ್ಷರ ಅಳಿಸ್ಯಾವ" ಎಂದೆ. ಮರುದಿನ ಸಂಜೆ ವಾಕಿಂಗ್ ಮುಗಿಸಿ ಬಂದ ಸರೋಜಾ ಚಪ್ಪಲಿ ಬಿಟ್ಟು ನೇರವಾಗಿ ನನ್ನೆದುರು ಬಂದು ನಿಂತಳು. ಜೋರಾಗಿ ನಗುತ್ತಾಳೆಂದು ನಾನು ತಲೆ ಕೆಳಗೆ ಹಾಕಿ ಕೂತಿದ್ದೆ. ಅವಳು ನಗಲಿಲ್ಲ. ನಿಟ್ಟುಸಿರು ಬಿಟ್ಟು, "ಪರದೇಶಕ್ಕ ಕೊಟ್ಟಾರಂತ ಮೂವತ್ತೊಂದು ವರ್ಷ ದೇವರ ಮುಂದ ಅತ್ತೆ. ಒಂದ ಸಂತಿ ಮಂದಿಗೆ ಕೊಟ್ಟಾರ ನೋಡ್ರಿ ನಮ್ಮಪ್ಪ" ಎಂದಳು. ಆಮೇಲೆ ಒಳಗೆ ಹೋಗಿ ನಕ್ಕಳು. ಪಾತ್ರೆಗಳ ಸದ್ದಿನಲ್ಲಿ ಆ ನಗೆಯನ್ನು ಮುಚ್ಚಲು ಅವಳು ಪ್ರಯತ್ನವನ್ನೇ ಮಾಡಲಿಲ್ಲ.

ಐತವಾರ ಇಬ್ಬರೂ ಬಸ್ಸಿನಲ್ಲಿ ಊರಿಗೆ ಹೋದೆವು. ದಾರಿಯುದ್ದಕ್ಕೂ ನನಗೆ ಸಿದ್ದಾಪುರದ ಒಬ್ಬ ವಿದ್ಯಾರ್ಥಿಯ ನೆನಪು ಕಾಡಿತು. ಆ ಕಡೆ ಕಾಲುವೆ ಬಂದಾಗ ಭತ್ತ ಬೆಳೆಯಲು ಆಂಧ್ರದಿಂದ ಬಂದವರು ಗುಡಿಸಲು ಹಾಕಿಕೊಂಡ ಜಾಗಗಳಿಗೆ ಕ್ಯಾಂಪ್ ಎಂದು ಹೆಸರು. ಗುಡಿಸಲು ಹೋಗಿ ಮಹಡಿ ಮನೆಗಳೆದ್ದು, ಮೊಮ್ಮಕ್ಕಳು ಹುಟ್ಟಿದರೂ ಅವು ಕ್ಯಾಂಪುಗಳೇ. 'ನನ್ನ ನೇಟಿವ್ ಪ್ಲೇಸ್' ಎಂದು ಪ್ರಬಂಧ ಕೊಟ್ಟಾಗ ಆ ವಿದ್ಯಾರ್ಥಿ, ನನ್ನ ನೇಟಿವ್ ಕ್ಯಾಂಪ್ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ನೇಟಿವ್ ಎಂದರೆ ಲ್ಯಾಟಿನ್ನಿನಲ್ಲಿ ಹುಟ್ಟಿನಿಂದ ಬಂದದ್ದು, ಕ್ಯಾಂಪ್ ಎಂದರೆ ನಾಲ್ಕು ದಿನ ತಂಗುವ ಬಯಲು, ಎರಡೂ ಕೂಡುವುದಿಲ್ಲ ಎಂದು ಅರ್ಧ ಪುಟ ಟಿಪ್ಪಣಿ ಬರೆದಿದ್ದೆ. ಅವನು ಅದನ್ನು ಓದಿ, "ಮತ್ತ ನಾನು ಎಲ್ಲಿ ಹುಟ್ಟೀನಿ ಅಂತ ಬರೀಲಿ ಸರ್?" ಎಂದು ಕೇಳಿದ್ದ. ನಾನು ಉತ್ತರ ಕೊಡುವಷ್ಟರಲ್ಲಿ ಗಂಟೆ ಹೊಡೆಯಿತು. ಆ ಗಂಟೆ ಆವತ್ತು ಉಳಿಸಿದ್ದು ನನ್ನನ್ನು. ಅದನ್ನು ನೆನೆದು ಬಸ್ಸಿನಲ್ಲಿ ನಾಚಿಕೆಯಾಯಿತು.

ಶಾಲೆಯ ಅಂಗಳದಲ್ಲಿ ಪೆಂಡಾಲು, ಹತ್ತಿಪ್ಪತ್ತು ಕುರ್ಚಿ, ನೆಲದ ಮೇಲೆ ಮಕ್ಕಳು. ಕಲ್ಲಿನ ಮೇಲಿನ ಪರದೆ ಸರಿಸಿದರು. 'ಶ್ರೀ ರುದ್ರಪ್ಪ ಆಚಿಮನಿ, ಈ ಊರಿನ ಮೊಟ್ಟಮೊದಲ ಮುಲ್ಕಿ'. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡಾಂತರ ಕಳೆಯಿತೆಂದು ನಾನು ಮೈಕಿನ ಮುಂದೆ ನಿಂತು, ನೇಷನ್ ಎಂಬ ಪದದ ಮೂಲದಿಂದಲೇ ಭಾಷಣ ಶುರುಮಾಡಿದೆ. ಆಗ ಮುಂದಿನ ಸಾಲಿನಿಂದ ಯಂಕಪ್ಪಜ್ಜ ಕೋಲು ಎತ್ತಿದ. ಊರಿನಲ್ಲಿ ಎಲ್ಲರಿಗಿಂತ ಹಿರಿಯ, ತೊಂಬತ್ತು ದಾಟಿದವನು, ನಮ್ಮಜ್ಜನ ಕೈಯಲ್ಲಿ ಅಕ್ಷರ ತಿದ್ದಿದವರಲ್ಲಿ ಉಳಿದವನು ಅವನೊಬ್ಬನೇ. "ತಮ್ಮಾ, ನೇಷನ್ ಆಮ್ಯಾಲ ಹೇಳುವಂತಿ. ಮುಲ್ಕಿ ಅಂದ್ರ ಏನಪಾ ಅದು ಮೊದಲ ಹೇಳು" ಎಂದ.

"ಮುಲ್ಕಿ ಅಂದ್ರ... ಈ ನಾಡಿನವರು ಅಂತ ಯಜ್ಜಾ. ಇಲ್ಲೀಯವರು" ಎಂದೆ.

ಯಂಕಪ್ಪಜ್ಜ ಕಲ್ಲನ್ನು ಇನ್ನೊಮ್ಮೆ ನೋಡಿದ. "ಮೊಟ್ಟಮೊದಲ ಅಂತ ಬರಸೀರಿ. ಹಂಗಂದ್ರ ನಿಮ್ಮಜ್ಜಗಿಂತ ಮೊದಲ ಈ ಊರಾಗ ಯಾರೂ ಹುಟ್ಟಿರಲಿಲ್ಲೇನು? ನಮ್ಮಪ್ಪ ಏನು ಹಳ್ಳದಾಗ ತೇಲಿ ಬಂದಿದ್ದೇನು?"

ಪೆಂಡಾಲಿನಲ್ಲಿ ನಗೆಯೆದ್ದಿತು. ಶರಣಪ್ಪಣ್ಣ ನನ್ನ ಕಡೆ ನೋಡಿದ. ಸರೋಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಿನಲ್ಲೇ 'ಹೇಳಿಬಿಡ್ರಿ' ಎಂದಳು. ಇನ್ನು ಬಚ್ಚಿಡಲು ಜಾಗವಿರಲಿಲ್ಲ. ಹೇಳಿಬಿಟ್ಟೆ. ಅಜ್ಜ ಪರೀಕ್ಷೆ ಪಾಸಾದವನಲ್ಲ, ಗಡಿಯ ಆಚೆಯಿಂದ ಬಂದವನು, ಹುಟ್ಟಿದ ಊರಿಗೆ ತಿರುಗಿ ಹೋಗುವುದಿಲ್ಲವೆಂದು ಹಲಫ ಮಾಡಿ ಇಲ್ಲಿಯವನಾದವನು, ನಮಗೆ ಇದೆಲ್ಲ ಗೊತ್ತಿರಲಿಲ್ಲ, ಗೊತ್ತಾಗಿದ್ದು ಮೊನ್ನೆ ಎಂದೆ. ನಾಕೆಯ ಬಾಗಿಲಲ್ಲಿ ಕೂತು ಬಂದುಹೋಗುವ ಬಂಡಿಗಳನ್ನು ತಪಾಸು ಮಾಡುತ್ತ ಅಜ್ಜ ದಿನಾ ನೋಡುತ್ತಿದ್ದದ್ದು ತನ್ನ ಊರಿನ ದಾರಿಯನ್ನೇ ಎಂಬುದು ನನಗೆ ಆಗಲೇ ಹೊಳೆಯಿತು. ಕಲ್ಲು ತೆಗೆಸಿ ಎಂದರೆ ತೆಗೆಸುತ್ತೇವೆ ಎಂದೂ ಸೇರಿಸಿದೆ.

ಯಂಕಪ್ಪಜ್ಜ ಬಾಯಿ ತೆರೆದು ನೋಡಿದ. "ಅಯ್ಯ, ಅಂವ ಆಚೀಕಡಿಯಾಂವ ಅಂತ ನಮಗೆಲ್ಲಾ ಗೊತ್ತೈತಿ. ನಿಮಗ ಗೊತ್ತಿಲ್ಲ ಅನ್ನೂದು ನಮಗ ಗೊತ್ತಿರಲಿಲ್ಲ. ಅಲ್ಲೆ ಮುಲ್ಕಿ ಪರೀಕ್ಷಾ ನಪಾಸಾಗಿ ಅಪ್ಪಗ ಅಂಜಿ ಹಳ್ಳಾ ದಾಟಿ ಓಡಿ ಬಂದಿದ್ದಂತ. ತಾನ ಹೇಳಿ ನಗತಿದ್ದ. ಅಲ್ಲೆ ಮುಲ್ಕಿ ನಪಾಸ, ಇಲ್ಲೆ ಮುಲ್ಕಿ ಪಾಸ ಅಂತಿದ್ದ. ಇಲ್ಲೆ ಎಲ್ಲಾ ಉರ್ದು ಇದ್ದಾಗ ಕನ್ನಡ ಅಕ್ಷರಾ ಬಲ್ಲಾಂವ ಊರಿಗೆ ಅಂವ ಒಬ್ಬನ. ಹೊರಗಿನಾಂವ ಆಗಿದ್ದಕ್ಕ ನಮಗ ಅಕ್ಷರಾ ಬಂದುವು. ಕಲ್ಲು ಯಾಕ ತಗಸ್ತಿ? ಇರಲಿ ಬಿಡು. ನಮಗ ಇಲ್ಲೀಯವರು ಅಂತ ಯಾರೂ ಕಾಗದ ಕೊಡಲಿಲ್ಲ. ಊರಾಗ ಕಾಗದ ಇದ್ದ ಮೊಟ್ಟಮೊದಲ ಮುಲ್ಕಿ ಅಂವನ" ಎಂದ.

ಯಂಕಪ್ಪಜ್ಜ ಇಷ್ಟಕ್ಕೇ ಬಿಟ್ಟಿದ್ದರೆ ನಾನು ಮರ್ಯಾದೆಯಿಂದ ಮನೆಗೆ ಬರುತ್ತಿದ್ದೆ. ಅವನು ಕೋಲನ್ನು ನೆಲಕ್ಕೆ ಊರಿ, "ಅಲ್ಲೋ ತಮ್ಮಾ, ನಿನಗ ಗೊತ್ತಿಲ್ಲಂದ್ರ ಹೆಂಗೋ? ನಿಮ್ಮ ಮನಿ ಹೆಸರಿನ್ಯಾಗ ಐತೆಲ್ಲೋ, ಆಚಿಮನಿ! ಆಚೀಕಡಿಂದ ಬಂದಾಂವನ ಮನಿ ಅಂತ ಊರವರು ಕರದು ಕರದು ಅದ ಅಡ್ಡಹೆಸರು ಆತು" ಎಂದ.

ಅಂಗಳದಲ್ಲಿ ಮಕ್ಕಳೂ ನಕ್ಕರು. ಪೆನ್ಸಿಲಿನ ಬಾಲ, ನೇಷನ್ನಿನ ಹುಟ್ಟು ಎಲ್ಲವನ್ನೂ ಅಗೆದವನು, ಹುಟ್ಟಿದಂದಿನಿಂದ ಎಲ್ಲ ಹಾಜರಿ ಪುಸ್ತಕಗಳಲ್ಲಿ, ಪಿಂಚಣಿ ಕಾಗದದಲ್ಲಿ, ಮನೆಯ ಬಾಗಿಲ ಫಲಕದಲ್ಲಿ ಬರೆದುಕೊಂಡ ನನ್ನ ಹೆಸರನ್ನು ಒಂದು ದಿನವೂ ಬಿಡಿಸಿ ನೋಡಿರಲಿಲ್ಲ. ಇಲ್ಲ, ಸುಳ್ಳು ಹೇಳಬಾರದು, ನೋಡಿದ್ದೆ. ಆಚಿಮನಿ ಎಂದರೆ 'ಆಚಾರ್ಯರ ಮನೆ', ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ರಾಜಗುರುಗಳಾಗಿದ್ದಿರಬೇಕು, ಆನೆಗೊಂದಿಯ ಅರಸರ ಕಡೆ ವಿಚಾರಿಸಬೇಕು ಎಂದು ಸಿಬ್ಬಂದಿಯ ಕೋಣೆಯಲ್ಲಿ ಎಷ್ಟೋ ಸಲ ವಿವರಿಸಿದ್ದೆ. ಆಗ ಖಾಜಾಸಾಹೇಬರು ಕನ್ನಡಕ ಒರೆಸುತ್ತ ಕೂತಿರುತ್ತಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಸರೋಜಾ ಕಿಟಕಿಯ ಪಕ್ಕ ಕೂತು ಶೇಂಗಾ ಬಿಡಿಸಿ ನನ್ನ ಕೈಗೆ ಹಾಕುತ್ತಿದ್ದಳು. ಅವಳ ಮನಸ್ಸು ಬಹಳ ಪ್ರಸನ್ನವಾಗಿತ್ತು. ಸುಮ್ಮನಿರಲಾರದೆ ನಾನು, ಇಂಗ್ಲಿಷಿನಲ್ಲಿ ನೇಟಿವ್ ಮತ್ತು ನಾಯೀವ್ ಎಂದು ಎರಡು ಪದಗಳಿವೆ, ಒಂದರ ಅರ್ಥ ಇಲ್ಲಿಯೇ ಹುಟ್ಟಿದವನು, ಇನ್ನೊಂದರ ಅರ್ಥ ಏನೂ ತಿಳಿಯದ ಪೆದ್ದ, ಎರಡೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು ಎಂದೆ. ಅವಳು ಶೇಂಗಾದ ಸಿಪ್ಪೆ ಊದಿ, "ಗೊತ್ತಾತು ಬಿಡ್ರಿ. ನೇಟಿವ್ ಅನ್ನಿಸಿಕೊಳ್ಳಾಕ ಹೋಗಿ ಎರಡನೇದ್ದು ಆದವರನ್ನ ದಿನಾ ನೋಡಾಕ್ಹತ್ತೀನಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಗಡಿ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ನಾನು ಸುಮ್ಮನೆ ಎರಡು ಸಲ ನೀರು ಕುಡಿಯುತ್ತೇನೆ. ಅವಳ ಅಣ್ಣ ಬಂದು ಎಂಟು ದಿನ ಇದ್ದುಹೋದ. ಹೋಗುವಾಗ ನನ್ನ ಹೆಗಲ ಮೇಲೆ ಕೈಹಾಕಿ, "ಬರ್ರಿ ಮಾವಾರ, ನಿಮ್ಮ ನೇಟಿವ್ ಕಡೆ ಒಮ್ಮೆ" ಎಂದ.

ಮೊನ್ನೆ ಶಿಲ್ಪಾ ಮತ್ತೆ ಬಂದಳು. ನನ್ನ ಎದುರಿನ ಕುರ್ಚಿಯಲ್ಲಿ ಕೂರದೆ ಬಾಗಿಲ ಹತ್ತಿರವೇ ಕೂತಳು, ಪಾಪ, ಅನುಭವಸ್ಥೆ. ಎಷ್ಟು ಮಂದಿ, ಎಷ್ಟು ಕೋಣೆ ಎಂದು ಮೊದಲಿನಿಂದ ಎಲ್ಲ ಕೇಳಿದಳು. ಕಡೆಗೆ ಧೈರ್ಯ ಮಾಡಿ, "ನ್ಯಾಷನಾಲಿಟಿ?" ಎಂದಳು. "ಇಂಡಿಯನ್" ಎಂದೆ. ಅವಳು ನಂಬಲಾರದೆ ಒಂದು ಕ್ಷಣ ಕಾದಳು. ನಾನು ಮತ್ತೇನೂ ಹೇಳಲಿಲ್ಲ. ಸಂತೋಷದಿಂದ ಬೆರಳು ಒತ್ತಿ, ಮೊಬೈಲನ್ನು ಮೇಲೆತ್ತಿ ನೆಟ್‌ವರ್ಕ್ ಹುಡುಕುತ್ತ, ಸುಮ್ಮನೆ ಕೂರುವುದು ಸರಿಯಲ್ಲವೆಂದೋ ಏನೋ, ಹಳೆಯ ಗುರುವಿಗೆ ಖುಷಿಯಾಗಲೆಂದೋ ಏನೋ, "ಸರ್, ನಿಮ್ಮ ಅಡ್ಡಹೆಸರು ಆಚಿಮನಿ ಅಂತ ಐತೆಲ್ರಿ, ಅದರ ಮೂಲ ಏನ್ರಿ?" ಎಂದು ಕೇಳಿದಳು.

ನಾನು ಚಾವಣಿ ನೋಡಿದೆ. ಗೋಡೆಯ ಮೇಲಿನ ಚೌಕಟ್ಟು ನೋಡಿದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ಮೊದಲ ಸಲ ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಿವಿಗೊಟ್ಟೆ. ಒಳಗಿನಿಂದ ಸರೋಜಾ ಒಗ್ಗರಣೆಯ ಸಟ್ಟುಗ ಹಿಡಿದುಕೊಂಡೇ ಬಾಗಿಲಿಗೆ ಬಂದು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು ಹೇಳಿದಳು: "ಹೇಳ್ರಿ, ಹೇಳ್ರಿ, ಸಾವಕಾಶ ಹೇಳ್ರಿ. ಓಟಿಪಿ ಇನ್ನೂ ಬಂದಿಲ್ಲ."